ಕಂಪನಿ ವಕೀಲಿಕೆಯಿಂದ ಸಿವಿಲ್ ನ್ಯಾಯಾಧೀಶೆಯ ಹುದ್ದೆಗೆ: ನನ್ನ ಅನುಭವ

ಬೆಂಗಳೂರಿನ ಕಾನೂನು ಸಂಸ್ಥೆಯೊಂದರಲ್ಲಿ ನಾನು ಕಂಪನಿಗಳ ಕೆಲಸ ಮಾಡುತ್ತಿದ್ದೆ. ಷೇರು ಖರೀದಿ ಒಪ್ಪಂದ, ಷೇರುದಾರರ ಒಪ್ಪಂದ, ಮಾರಾಟಕ್ಕಿರುವ ಕಂಪನಿಯ ದಾಖಲೆಗಳ ಪರಿಶೀಲನೆ, ಇವೇ ದಿನಚರಿ. ಕೋರ್ಟಿಗೆ ಹೋಗುವ ಪ್ರಸಂಗ ಅಪರೂಪಕ್ಕೆ ಬರುತ್ತಿತ್ತು. ಈಗ ನಾನು ತಾಲ್ಲೂಕೊಂದರಲ್ಲಿ ಸಿವಿಲ್ ನ್ಯಾಯಾಧೀಶೆ, ಜೊತೆಗೆ ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ. ಕಾರ್ಪೊರೇಟ್ ಕೆಲಸದಲ್ಲಿರುವ ಕಿರಿಯ ವಕೀಲರು ಈ ದಾರಿಯ ಬಗ್ಗೆ ಆಗಾಗ ವಿಚಾರಿಸುತ್ತಾರೆ. ಹುದ್ದೆಯಲ್ಲಿರುವುದರಿಂದ ಊರಿನ ಹೆಸರನ್ನಾಗಲಿ ಪ್ರಕರಣಗಳ ವಿವರವನ್ನಾಗಲಿ ಹೇಳಲಾರೆ. ಕೆಲಸ ಕಲಿತ ಬಗೆಯನ್ನು ಹೇಳಬಲ್ಲೆ.

ಮೊದಲು ಸನ್ನದಿನ, ಅಂದರೆ ವಕೀಲಿಕೆಯ ಪರವಾನಗಿಯ, ವಿಷಯ. ಕಾನೂನು ಸಂಸ್ಥೆಯಲ್ಲಿ ದುಡಿಯುವಾಗ ನಿಮ್ಮ ಸನ್ನದು ಚಾಲ್ತಿಯಲ್ಲಿರುತ್ತದೆ. ಕಂಪನಿಯ ಪೂರ್ಣಾವಧಿ ನೌಕರಿ ಹಿಡಿದರೆ ಹಾಗಲ್ಲ. ಭಾರತೀಯ ವಕೀಲರ ಪರಿಷತ್ತಿನ 49ನೆಯ ನಿಯಮದಂತೆ ಆ ನೌಕರಿಯಲ್ಲಿರುವಷ್ಟು ಕಾಲ ವಕೀಲಿಕೆ ನಡೆಸುವಂತಿಲ್ಲ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕನಿಷ್ಠ 3 ವರ್ಷದ ವಕೀಲಿಕೆ ಇರಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ಜಾರಿಗೆ ತಂದಿದೆ. ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರು ನೇರವಾಗಿ ಹೋಗಬೇಕಾದರೆ ಸಂವಿಧಾನದ 233ನೆಯ ವಿಧಿ 7 ವರ್ಷ ಕೇಳುತ್ತದೆ. ಕಂಪನಿಯೊಂದರಿಂದ ದೊಡ್ಡ ಸಂಬಳದ ಕರೆ ಬಂದಾಗ ನಾನು ಒಪ್ಪದಿರಲು ಇದೇ ಕಾರಣ. ಸಂಸ್ಥೆಯನ್ನು ಬಿಟ್ಟು, ವಿಚಾರಣಾ ನ್ಯಾಯಾಲಯಗಳಲ್ಲೇ ತಲೆ ನರೆತ ಹಿರಿಯ ವಕೀಲರೊಬ್ಬರ ಕಚೇರಿಗೆ ಸೇರಿದೆ.

ಅಲ್ಲಿ ನನಗೆ ಕೊಟ್ಟ ಮೊದಲ ಪಾಠ ಪಹಣಿ ಓದುವುದು. "9ನೇ ಕಾಲಂ ಒಂದನ್ನೇ ನೋಡಿ ಫೈಲು ಮುಚ್ಚಬೇಡಮ್ಮ, 12ಕ್ಕೂ ಬಾ" ಎನ್ನುತ್ತಿದ್ದರು. 9ರಲ್ಲಿ ಖಾತೆದಾರನ ಹೆಸರು, 12ರಲ್ಲಿ ಸಾಗುವಳಿ ಮಾಡುವವನ ಹೆಸರು. ಎರಡೂ ಬೇರೆ ಬೇರೆಯಾಗಿದ್ದರೆ ದಾವೆಯ ಬೇರು ಬಹಳ ಸಲ ಅಲ್ಲೇ ಇರುತ್ತದೆ. ಪಾಲುಪಟ್ಟಿ, ಕ್ರಯಪತ್ರ, ಚೆಕ್ಕುಬಂದಿ, ಮ್ಯುಟೇಶನ್ (ಖಾತೆ ಬದಲಾವಣೆ) ಇವೆಲ್ಲ ಅಲ್ಲಿ ಕೈಗೆ ಹತ್ತಿದವು. ಪಾಟೀಸವಾಲಿನಲ್ಲಿ ಸಾಕ್ಷಿ ಯಾವ ಪ್ರಶ್ನೆಗೆ ತಡವರಿಸುತ್ತಾನೆ, ಯಾವುದಕ್ಕೆ ಬಾಯಿಪಾಠ ಒಪ್ಪಿಸುತ್ತಾನೆ ಎಂಬುದನ್ನು ಹಿಂದಿನ ಸಾಲಿನಲ್ಲಿ ಕುಳಿತು ಗಮನಿಸಿದೆ.

ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಪಠ್ಯಕ್ರಮ ಎಲ್ಲರಿಗೂ ಸಿಗುತ್ತದೆ. ಆದರೆ ಭಾಷಾಂತರದ ಪತ್ರಿಕೆಯನ್ನು ಹಗುರವಾಗಿ ಕಾಣಬೇಡಿ. ವರ್ಷಗಟ್ಟಲೆ ಇಂಗ್ಲಿಷ್ ಒಪ್ಪಂದ ಬರೆದ ಕೈಗೆ ಕನ್ನಡದ ಸಾಕ್ಷ್ಯವನ್ನು ಅರ್ಥ ಜಾರದಂತೆ ಇಂಗ್ಲಿಷಿಗೆ ತರುವುದು, ಅಲ್ಲಿಂದ ಮತ್ತೆ ಕನ್ನಡಕ್ಕೆ ತರುವುದು ಒಮ್ಮೆಲೇ ಒಗ್ಗುವುದಿಲ್ಲ. ತೀರ್ಪು ಬರೆಯುವ ಪತ್ರಿಕೆಗಳಿಗೆ ನಾನು ಮಾಡಿದ ಅಭ್ಯಾಸ ಒಂದೇ: ಹೈಕೋರ್ಟಿನ ತೀರ್ಪೊಂದರಲ್ಲಿ ಸಂಗತಿಗಳನ್ನಷ್ಟೇ ಓದಿ ಮುಚ್ಚಿಡುವುದು, ವಿವಾದಾಂಶಗಳನ್ನು, ಅಂದರೆ ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು, ನಾನೇ ರಚಿಸುವುದು, ಆಮೇಲೆ ಕೆಳಗಿನ ನ್ಯಾಯಾಲಯ ರಚಿಸಿದ್ದವುಗಳ ಜೊತೆ ಹೋಲಿಸುವುದು.

ಈ ವಿವಾದಾಂಶವೇ ನನ್ನ ಎರಡು ಬದುಕುಗಳ ನಡುವಿನ ಗಡಿ. ಕಂಪನಿ ವಕೀಲೆಯಾಗಿ ನಾನು ಬರೆಯುತ್ತಿದ್ದುದು ನನ್ನ ಕಕ್ಷಿದಾರರತ್ತ ನಾಳೆ ಯಾವ ಪ್ರಶ್ನೆಯೂ ಬಾರದಿರಲಿ ಎಂದು. ನ್ಯಾಯಪೀಠದಲ್ಲಿ ಕುಳಿತ ಮೇಲೆ ಇಬ್ಬರ ನಡುವೆ ನಿಜವಾಗಿ ಇರುವ ಪ್ರಶ್ನೆ ಯಾವುದೆಂದು ಹುಡುಕುವುದೇ ಕೆಲಸವಾಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 14ನೆಯ ಆದೇಶದಡಿ ವಿವಾದಾಂಶ ರಚಿಸುವ ಮೊದಲು, 10ನೆಯ ಆದೇಶದಡಿ ಪಕ್ಷಗಾರರನ್ನು ಕರೆದು ಮಾತಾಡಿಸುವ ಅಧಿಕಾರ ನಮಗಿದೆ. ನಾನು ಅದನ್ನು ಧಾರಾಳವಾಗಿ ಬಳಸುತ್ತೇನೆ. ಪುಟಗಟ್ಟಲೆ ನಿರಾಕರಿಸಿದ ಪ್ರತಿವಾದಿ, ಎದುರು ನಿಲ್ಲಿಸಿ ಕೇಳಿದರೆ, "ಸಹಿ ನನ್ನದೇ ಸ್ವಾಮಿ, ಹಣ ಮಾತ್ರ ಪೂರ್ತಿ ಬಂದಿಲ್ಲ" ಎಂದುಬಿಡುತ್ತಾನೆ. ಅಲ್ಲಿಗೆ ಸಹಿ ಸಾಬೀತುಪಡಿಸುವ ಸಾಕ್ಷಿಗಳ ಓಡಾಟವೆಲ್ಲ ತಪ್ಪುತ್ತದೆ.

ಹಳೆಯ ಕಸುಬು ಎಲ್ಲಿ ಕೈಹಿಡಿಯಿತು ಎಂದರೆ, ಪಾಲು ವಿಭಾಗದ ದಾವೆಗಳಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಬಂತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದ ಬರುತ್ತದೆ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. ಆದ್ದರಿಂದ ಅಣ್ಣತಮ್ಮಂದಿರು "ಹಿರಿಯರಿದ್ದಾಗಲೇ ಬಾಯಿಮಾತಿನಲ್ಲಿ ಪಾಲಾಗಿದೆ" ಎನ್ನುತ್ತಾರೆ. ಅಂಥ ಪಾಲನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿಲ್ಲದೆ ಒಪ್ಪಲಾಗದು. ಕಂಪನಿಯ ಕಡತಗಳಿಗೆ ಮಾಡುತ್ತಿದ್ದಂತೆ ಎಲ್ಲ ಪಹಣಿ, ಮ್ಯುಟೇಶನ್, ಸಾಲದ ಪತ್ರಗಳನ್ನು ದಿನಾಂಕದ ಸಾಲಿನಲ್ಲಿ ಒಂದೇ ಹಾಳೆಗೆ ಇಳಿಸುತ್ತೇನೆ. ಪಾಲಾಯಿತೆನ್ನುವ ವರ್ಷದ ನಂತರವೂ ಜಂಟಿ ಖಾತೆ ನಡೆದಿದ್ದರೆ ಆ ಹಾಳೆ ಮುಚ್ಚಿಡದೆ ತೋರಿಸುತ್ತದೆ. ತಂಗಿಯೊಬ್ಬಳು ಅಣ್ಣನ ಮುಖ ನೋಡದೆ ಕಟಕಟೆಯಲ್ಲಿ ನಿಂತಿರುವಾಗ, ನನ್ನ ನಿರ್ಧಾರಕ್ಕೆ ಅಷ್ಟು ಗಟ್ಟಿ ಆಧಾರ ಇರಲೇಬೇಕು.

ಚೆಕ್ ಅಮಾನ್ಯದ ಪ್ರಕರಣಗಳು ಬೇರೆಯದನ್ನೇ ಕಲಿಸಿದವು. ಸಹಿ ಒಪ್ಪಿದರೆ ಸಾಲವಿತ್ತೆಂದೇ ಕಾನೂನು ಭಾವಿಸುತ್ತದೆ. ನಮ್ಮ ರಾಜ್ಯದಿಂದಲೇ ಹೋದ ರಂಗಪ್ಪ ಪ್ರಕರಣದಲ್ಲಿ 2010ರಲ್ಲಿ ಇದು ಖಚಿತವಾಯಿತು. ಆದರೆ ಆ ಭಾವನೆಯನ್ನು ಆರೋಪಿ ಅಲ್ಲಗಳೆಯಬಹುದು. ಭದ್ರತೆಗೆಂದು ಖಾಲಿ ಚೆಕ್ ಕೊಟ್ಟ ಸಣ್ಣ ಅಂಗಡಿಯವನಿಗೆ ಇದನ್ನು ಹೇಳಿಕೊಡುವವರು ಇರುವುದಿಲ್ಲ. ಹಾಗಿರುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 168ನೆಯ ಕಲಂ ನನ್ನ ನೆರವಿಗೆ ಬರುತ್ತದೆ. ಯಾವ ಸಾಕ್ಷಿಗೂ ನ್ಯಾಯಾಧೀಶರೇ ಪ್ರಶ್ನೆ ಹಾಕಬಹುದು. ಯಾರ ಪಕ್ಷಕ್ಕೂ ವಾಲದಂತೆ, ವಕೀಲರ ಕೆಲಸ ಕಸಿದುಕೊಳ್ಳದಂತೆ ಕೇಳುವುದು ಕಷ್ಟ. ಅದನ್ನು ದಿನವೂ ಕಲಿಯುತ್ತಿದ್ದೇನೆ.

ಸಂಬಳದ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಎರಡನೆಯ ರಾಷ್ಟ್ರೀಯ ನ್ಯಾಯಿಕ ವೇತನ ಆಯೋಗದ ಶ್ರೇಣಿಯಲ್ಲಿ ನಮ್ಮ ಆರಂಭದ ಮೂಲವೇತನ 77,840 ರೂಪಾಯಿ. ದೊಡ್ಡ ಕಾನೂನು ಸಂಸ್ಥೆಯ ಗಳಿಕೆಗೆ ಇದು ಸಮವಲ್ಲ. ವರ್ಗಾವಣೆಯೂ ಇದೆ, ಮನೆಯವರೂ ಜೊತೆಗೆ ಊರು ಬದಲಿಸಬೇಕು. ಅರ್ಜಿ ಹಾಕುವ ಮುನ್ನ ಇದನ್ನು ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಿ.

ಅಧಿಸೂಚನೆಗೆ ಕಾಯುತ್ತಿರುವವರು ಬಿಡುವಾದಾಗ ಹತ್ತಿರದ ತಾಲ್ಲೂಕು ನ್ಯಾಯಾಲಯಕ್ಕೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ಕುಳಿತುಕೊಳ್ಳಿ. ಒಂದು ದಾವೆಯನ್ನು ಆರಿಸಿಕೊಂಡು ಅದರ ವಾದಪತ್ರ, ಲಿಖಿತ ಹೇಳಿಕೆಗಳನ್ನು ಅಲ್ಲಿನ ವಕೀಲರಿಂದ ಕೇಳಿ ಓದಿ. ಮನೆಗೆ ಬಂದು ವಿವಾದಾಂಶಗಳನ್ನು ಕನ್ನಡದಲ್ಲಿಯೇ ಬರೆಯಿರಿ.