ಕೌದಿಯ ಮೇಲೆ ಕಬ್ಬಿಣದ ಅಂಗಿ

ಹತ್ತು ಕಿಲೋ ತಂತಿ ಬೇಕು. 16 ಗೇಜಿನದು, ಅಂದರೆ ಸುಮಾರು 1.6 ಮಿಲಿಮೀಟರ್ ದಪ್ಪದ್ದು. ಬಿಡಿಸಿ ಉದ್ದಕ್ಕೆ ಎಳೆದರೆ ಆರು ನೂರು ಮೀಟರ್ ದಾಟುತ್ತದೆ. ಅದನ್ನೇ 8 ಮಿಲಿಮೀಟರ್ ಒಳವ್ಯಾಸದ ಕೊಂಡಿ ಮಾಡಿದರೆ ಒಂದೊಂದು ಹತ್ತಿರ ಹತ್ತಿರ ಅರ್ಧ ಗ್ರಾಂ ತೂಗುತ್ತದೆ. ಲೆಕ್ಕ ನೀವೇ ಹಾಕಿ. ಇಪ್ಪತ್ತು ಸಾವಿರ ಕೊಂಡಿ, ಒಂದು ಅಂಗಿಗೆ.

ಬೀದರಿನಲ್ಲಿ ನಮ್ಮ ಮನೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕೂತು ನಾನು ಮಾಡಿದ್ದು ಇದನ್ನೇ. ಹಳೆ ಕಾಲದ ಸೈನಿಕರ ಕೊಂಡಿ ಅಂಗಿ, ಎದೆ ಹೊಟ್ಟೆಯ ಮೇಲೆ ಉಕ್ಕಿನ ತಗಡು ಕೂಡಿಸಿದ್ದು. ಜಿರಾ ಬಖ್ತರ್ ಅಂತಾರೆ. ನಾನು ಐಟಿಐ ಫಿಟ್ಟರ್, ಹೊಟ್ಟೆಪಾಡಿಗೆ ಗೇಟು ಗ್ರಿಲ್ಲು ಮಾಡುತ್ತೇನೆ. ಕಬ್ಬಿಣ ಹೊಸದಲ್ಲ. ಆದರೂ ಹೇಳಿಬಿಡುತ್ತೇನೆ: ಕವಚ ಮಾಡುವುದರಲ್ಲಿ ಕಮ್ಮಾರಿಕೆ ಕಮ್ಮಿ, ಟೇಲರಿಂಗ್ ಜಾಸ್ತಿ. ನನಗೆ ವೆಲ್ಡಿಂಗ್ ಮಷೀನು ಉಪಯೋಗಕ್ಕೆ ಬಂದಿದ್ದಕ್ಕಿಂತ ನಮ್ಮ ಓಣಿಯ ಟೇಲರ್ ಮಾಸ್ಟರ್ ಉಪಯೋಗಕ್ಕೆ ಬಂದಿದ್ದೇ ಹೆಚ್ಚು.

ಕವಚ ಅಂದ ಕೂಡಲೇ ಜನರ ಕಣ್ಣಿಗೆ ಬರೋದು ತಲೆಯಿಂದ ಕಾಲಿನ ತನಕ ಮುಚ್ಚಿದ ಯುರೋಪಿನ ಉಕ್ಕಿನ ಮನುಷ್ಯ. ನಮ್ಮ ದಖ್ಖನಿನ ರೀತಿ ಬೇರೆ. ಕೊಂಡಿಯೇ ಮೈ, ತಗಡು ಬೇಕಾದ ಕಡೆ ಮಾತ್ರ. ಬಹಮನಿ ಅಹಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ, ಅದೇ 15ನೇ ಶತಮಾನದಲ್ಲಿ, ಅಫನಾಸಿ ನಿಕಿತಿನ್ ಅನ್ನೋ ರಷ್ಯಾದ ವ್ಯಾಪಾರಿ ಈ ಊರಿಗೆ ಬಂದಿದ್ದ. ಇಲ್ಲಿನ ಆನೆಗಳಿಗೆ ಉಕ್ಕಿನ ಕವಚ ತೊಡಿಸಿ ದಂತಕ್ಕೆ ಕತ್ತಿ ಕಟ್ಟುತ್ತಾರೆ ಅಂತ ಬರೆದಿಟ್ಟು ಹೋಗಿದ್ದಾನೆ. ಆನೆ ಕವಚ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಇಂಗ್ಲೆಂಡಿನ ಲೀಡ್ಸ್ ಮ್ಯೂಸಿಯಂನಲ್ಲಿ ಒಂದಿದೆ, 1600ರ ಆಸುಪಾಸಿನ ಮೊಗಲರ ಕಾಲದ್ದು. 5,840 ತಗಡಿನ ಚೂರುಗಳು, ಈಗ ಉಳಿದಿರುವಷ್ಟೇ 118 ಕಿಲೋ. ಅದೂ ಹೀಗೇ, ಕೊಂಡಿಯಿಂದ ತಗಡು ಕೂಡಿಸಿದ್ದು. ಅದನ್ನು ನೆನೆಸಿಕೊಂಡರೆ ನನ್ನ ಇಪ್ಪತ್ತು ಸಾವಿರ ಕೊಂಡಿ ಏನೂ ಅಲ್ಲ.

ಮಾಡಲು ಹೊರಟವರು ಮೊದಲು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ ಆಯುಧಗಳ ವಿಭಾಗದಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಬೀದರಿನಿಂದ ದೂರವೇನಲ್ಲ. ಫೋಟೋದಲ್ಲಿ ಅಂಗಿ ಕಾಣುತ್ತದೆ, ಅದರ ಜೋತು ಕಾಣುವುದಿಲ್ಲ. ಬಟ್ಟೆಯ ಹಾಗೆ ಇಳಿಬಿದ್ದಿರುವ ಕಬ್ಬಿಣವನ್ನು ಎದುರಿಗೆ ನಿಂತೇ ನೋಡಬೇಕು.

ಇನ್ನು ಕೆಲಸಕ್ಕೆ ಬರೋಣ. ತಂತಿ ಗಾಂಧಿ ಗಂಜಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಹೊಲದ ಬೇಲಿಗೆ ಒಯ್ಯುವ, ಸತು ಲೇಪಿಸಿದ ಜಿಐ ತಂತಿ. ಅದನ್ನು ಸುತ್ತಲು 8 ಎಂಎಂ ಸರಳು ಬೇಕು. ಸುಮ್ನೆ ಸರಳು ಅಂತ ಕೇಳಿದರೆ ಸ್ಲ್ಯಾಬಿಗೆ ಹಾಕುವ ಗೆರೆಗೆರೆ ಸರಳು ಕೊಡುತ್ತಾರೆ. ಅದರ ಮೇಲೆ ಸುತ್ತಿದ ಸುರುಳಿ ಹೊರಗೆ ಜಾರುವುದೇ ಇಲ್ಲ. ನುಣುಪಾದ ಬ್ರೈಟ್ ಬಾರ್ ಅಂತಲೇ ಕೇಳಿ. ಅದರ ಒಂದು ತುದಿ ಬಗ್ಗಿಸಿ ಹಿಡಿಕೆ ಮಾಡಿ, ಇನ್ನೊಂದು ತುದಿಗೆ ತಂತಿ ಸಿಕ್ಕಿಸಲು ಒಂದು ತೂತು ಹಾಕಿ. ಎರಡು ಮರದ ತುಂಡಿನ ನಡುವೆ ಕೂರಿಸಿ ತಿರುಗಿಸುತ್ತಾ ಹೋದರೆ ಸುರುಳಿ ತಾನೇ ಬೀಳುತ್ತದೆ. ತಂತಿಯನ್ನು ಒಬ್ಬರು ಬಿಗಿಯಾಗಿ ಎಳೆದು ಹಿಡಿಯಬೇಕು, ಕೈಗೆ ಚರ್ಮದ ಗ್ಲೌಸ್ ಹಾಕಿಕೊಂಡು. ತಂತಿ ಮುಗಿಯುವಾಗ ತುದಿ ಚಾಟಿ ಬೀಸಿದಂತೆ ತಿರುಗಿ ಬರುತ್ತದೆ. ಆಗ ಮುಖ ಆ ಕಡೆ ಇರಕೂಡದು.

ಸುರುಳಿಯನ್ನು ಕೊಂಡಿ ಕೊಂಡಿಯಾಗಿ ಕತ್ತರಿಸಬೇಕು. ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದರೆ ಬೇಗ ಆಗುತ್ತದೆ, ಆದರೆ ತುದಿ ಚೂಪಾಗಿ ಒತ್ತಿಕೊಳ್ಳುತ್ತದೆ, ಬಟ್ಟೆಗೆ ಚುಚ್ಚುತ್ತದೆ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದರೆ ತುದಿ ಚಪ್ಪಟೆಯಾಗಿ ಬರುತ್ತದೆ, ಎರಡು ತುದಿ ಮುಖಕ್ಕೆ ಮುಖ ಕೂಡುತ್ತವೆ. ಹೊರಗೆ ಕಾಣುವ ಭಾಗಕ್ಕೆ ಹ್ಯಾಕ್ಸಾ, ಬೆನ್ನಿಗೆ ಪ್ಲೇಯರ್ ಅಂತ ನಾನು ಹಂಚಿಕೊಂಡೆ.

ಹೆಣಿಗೆ ಸರಳ. ಒಂದು ಕೊಂಡಿಯೊಳಗೆ ನಾಲ್ಕು ಕೊಂಡಿ ಹಾಯಬೇಕು, ಅಷ್ಟೇ. ಪ್ರತಿಯೊಂದಕ್ಕೂ ಮೇಲಿನ ಸಾಲಿನವು ಎರಡು, ಕೆಳಗಿನ ಸಾಲಿನವು ಎರಡು. ಕೈಗೆ ಬರಬೇಕಾದದ್ದು ಕೊಂಡಿ ಮುಚ್ಚುವ ರೀತಿ. ಎರಡು ಕೈಯಲ್ಲಿ ಎರಡು ಪಕ್ಕಡು, ಅಂದರೆ ಇಕ್ಕಳ ಹಿಡಿದು, ಕೊಂಡಿಯ ಬಾಯಿಯನ್ನು ಅಗಲಿಸುವಂತಿಲ್ಲ. ಒಂದು ತುದಿ ನಿಮ್ಮ ಕಡೆಗೆ, ಇನ್ನೊಂದು ಆ ಕಡೆಗೆ ತಿರುಚಿ ತೆರೆಯಬೇಕು. ಮುಚ್ಚುವಾಗಲೂ ಹಾಗೇ. ತುದಿಗಳನ್ನು ಒಂದನ್ನೊಂದು ಚೂರು ದಾಟಿಸಿ ವಾಪಸ್ ತಂದರೆ ಟಿಕ್ ಅಂತ ಸಣ್ಣ ಸದ್ದು ಬರುತ್ತದೆ. ತುದಿ ತುದಿಗೆ ಉಜ್ಜಿ ಕೂತಿದೆ ಅಂತ ಅರ್ಥ. ಆ ಸದ್ದು ಬರದ ಕೊಂಡಿ ಸಡಿಲ, ಮೈಮೇಲೆ ಹಾಕಿಕೊಂಡ ದಿನವೇ ಬಿದ್ದುಹೋಗುತ್ತದೆ. ಸ್ವಲ್ಪ ದಿನ ಕಳೆದರೆ ಕಣ್ಣು ಬೇಡ, ಕಿವಿಯೇ ಸಾಕು. ಟೀವಿಯಲ್ಲಿ ಕ್ರಿಕೆಟ್ ಹಾಕಿಕೊಂಡು ಮಾಡಬಹುದು. ಸೌಂಡು ಮಾತ್ರ ಕಮ್ಮಿ ಇರಲಿ.

ಟೇಲರ್ ಮಾಸ್ಟರ್ ಬಂದದ್ದು ಇಲ್ಲಿ. ಹೆಣೆದ ಒಂದು ಚೌಕ ತುಂಡನ್ನು ಕೈಯಲ್ಲಿ ಹಿಡಿದು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಜೋತು ಬಿಟ್ಟು ನೋಡಿದರು. ಒಂದು ಕಡೆ ಹಿಡಿದರೆ ಕೊಂಡಿಗಳು ಒತ್ತಟ್ಟಿಗೆ ಸೇರಿ ತುಂಡು ಕಿರಿದಾಗುತ್ತದೆ. ತಿರುಗಿಸಿ ಹಿಡಿದರೆ ಬಾಯಿ ಬಿಟ್ಟು ನಿಲ್ಲುತ್ತದೆ. "ಇದಕ್ಕೂ ಉದ್ದ ಅಡ್ಡ ಅದರೀ, ಅರಿವಿಗೆ ಇದ್ದಂಗ" ಅಂದರು. ನಿಜ, ಅರಿವೆ ಅಂದರೆ ಬಟ್ಟೆಗೆ ಇರುವ ಹಾಗೇ. ಸಾಲುಗಳು ಮೈ ಸುತ್ತ ಅಡ್ಡಕ್ಕೆ ಬರಬೇಕು. ಆಗ ಅಂಗಿ ತನ್ನ ಭಾರಕ್ಕೆ ತಾನೇ ಮೈಗೆ ಅಂಟಿಕೊಳ್ಳುತ್ತದೆ, ಉಸಿರು ಎಳೆದರೆ ಹಿಗ್ಗುತ್ತದೆ. ತಪ್ಪು ದಿಕ್ಕಿನಲ್ಲಿ ಹೆಣೆದದ್ದು ಗೋಣಿಚೀಲದ ತರಹ ಇಳಿಬೀಳುತ್ತದೆ.

ಕಂಕುಳೂ ಅವರೇ ಬಿಡಿಸಿದ ಲೆಕ್ಕ. ತೋಳನ್ನು ನೇರ ಕೊಳವೆ ಮಾಡಿ ಅಂಗಿಗೆ ಕೂಡಿಸಿದರೆ ಕೈ ಎತ್ತಿದಾಗ ಇಡೀ ಅಂಗಿ ಮೇಲೆ ಬರುತ್ತದೆ, ಹತ್ತು ಕಿಲೋನೂ ಕೈಗೇ ಬೀಳುತ್ತದೆ. ಹಳೆ ಕುರ್ತಾಕ್ಕೆ ಕಂಕುಳಲ್ಲಿ ಒಂದು ಚೌಕದ ತುಂಡು ಹಾಕುತ್ತಾರಲ್ಲ, ಅದನ್ನೇ ಕೊಂಡಿಯಲ್ಲಿ ಮಾಡಿದೆ. ಸೊಂಟದ ಕಡೆ ಸಾಲಿಗೆ ಕೊಂಡಿ ಕಮ್ಮಿ ಮಾಡುತ್ತಾ ಬಂದು, ಕೆಳಗೆ ಘೇರಿಗೆ ಮತ್ತೆ ಹೆಚ್ಚಿಸಿದೆ. ಕಮ್ಮಿ ಮಾಡುವಾಗ ಒಂದು ಕೊಂಡಿಗೆ ನಾಲ್ಕರ ಬದಲು ಐದು ಹಾಯಿಸಬೇಕು. ಹೆಚ್ಚಿಸುವಾಗ ಸಾಲಿನ ನಡುವೆ ಒಂದು ಹೆಚ್ಚಿನ ಕೊಂಡಿ ತೂಗುಬಿಡಬೇಕು. ಇವೆಲ್ಲ ಬೆನ್ನಿನ ಕಡೆ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಖಕ್ಕೆ ಮುಖ ಕೂಡಿಸಿದ ಕೊಂಡಿಗೆ ಬಲ ಕಮ್ಮಿ. ಎಳೆತ ಬಿದ್ದರೆ ಬಾಯಿ ಬಿಡುತ್ತದೆ. ಅದಕ್ಕೇ ಹಳಬರು ರಿವೆಟ್ ಹೊಡೆಯುತ್ತಿದ್ದರು. ನಾನು ಭುಜ, ಕಂಕುಳು, ತಗಡು ಕೂಡುವ ಸಾಲು, ಇಷ್ಟಕ್ಕೆ ಮಾತ್ರ ರಿವೆಟ್ ಮಾಡಿದೆ. ಇದಕ್ಕೆ ಜಿಐ ತಂತಿ ಬೇಡ, ಹದ ಮಾಡಿದ ಮೆತ್ತನೆಯ ಕರಿ ತಂತಿ ಬೇಕು. ಕೊಂಡಿಯ ಎರಡು ತುದಿ ಒಂದರ ಮೇಲೊಂದು ಮೂರ್ನಾಲ್ಕು ಮಿಲಿಮೀಟರ್ ಹತ್ತಿ ಕೂರುವ ಹಾಗೆ ಕತ್ತರಿಸಬೇಕು. ಹತ್ತಿದ ಜಾಗವನ್ನು ಅಡಿಗಲ್ಲಿನ ಮೇಲಿಟ್ಟು ಒಂದೇ ಪೆಟ್ಟಿಗೆ ಚಪ್ಪಟೆ ಮಾಡಬೇಕು. ಎರಡನೇ ಪೆಟ್ಟು ಹೊಡೆದರೆ ಅಂಚು ತೆಳುವಾಗಿ ಸೀಳುತ್ತದೆ. ಆಮೇಲೆ ಚೂಪು ಪಂಚಿನಿಂದ ತೂತು, ತೂತಿನಲ್ಲಿ ಸಣ್ಣ ತಂತಿಯ ಚೂರು, ಅದರ ತಲೆ ಒತ್ತಬೇಕು. ಒತ್ತಲು ಸುತ್ತಿಗೆ ಹಿಡಿದರೆ ಬೆರಳು ಉಳಿಯುವುದಿಲ್ಲ. ಹಳೆ ಪಕ್ಕಡಿನ ಒಂದು ದವಡೆಯಲ್ಲಿ ಡ್ರಿಲ್ಲಿನಿಂದ ಸಣ್ಣ ಕುಳಿ ಮಾಡಿಕೊಳ್ಳಿ. ರಿವೆಟಿನ ತಲೆ ಆ ಕುಳಿಯಲ್ಲಿ ಕೂತು ಗುಂಡಗೆ ಬರುತ್ತದೆ. ಈ ಪಕ್ಕಡನ್ನು ಯಾರಿಗೂ ಕೊಡಬೇಡಿ.

ರಿವೆಟ್ ಉಳಿಸೋಣ ಅಂತ ಕೆಲವರು ಅಂಗಡಿಯ 8 ಎಂಎಂ ವಾಷರ್ ಹಾಕುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಅದರ ಹೊರವ್ಯಾಸ 16 ಮಿಲಿಮೀಟರ್, ಅಂಚು ಅಷ್ಟು ಅಗಲ ಆದಮೇಲೆ ಹೆಣಿಗೆ ಬಳುಕುವುದಿಲ್ಲ, ಚಾಪೆಯಾಗುತ್ತದೆ.

ಒಂದು ಎಚ್ಚರಿಕೆ. ಜಿಐ ತಂತಿಯನ್ನು ಬೆಂಕಿಗೆ ಹಿಡಿಯಲೇಬೇಡಿ. ಮೇಲಿನ ಸತು ಸುಟ್ಟು ಬಿಳಿ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಗೊತ್ತಿರುವ ಜ್ವರವೇ. ಸತುವಿನ ಹೊಳಪು ಬೇಡವಾದರೆ ವಿನೆಗರ್ ಇದೆ. ನೂಡಲ್ಸ್ ಗಾಡಿಯವರು ಒಯ್ಯುವ ದೊಡ್ಡ ಕ್ಯಾನ್ ತಂದು, ಬಯಲಲ್ಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮುಳುಗಿಸಿಟ್ಟರೆ ಗುಳ್ಳೆ ಎದ್ದು ಸತು ಬಿಡುತ್ತದೆ, ಮಾಸಿದ ಬೂದು ಬಣ್ಣ ಉಳಿಯುತ್ತದೆ. ನಮ್ಮೂರಲ್ಲಿದ್ದು ಬಿದರಿ ಕೆಲಸದವರನ್ನು ಕೇಳದೆ ಇರೋದು ಹೇಗೆ? ನೀವು ಕಪ್ಪು ಬರಲು ಹಚ್ಚುವ ಕೋಟೆ ಮಣ್ಣು, ನವಸಾಗರ ಹಚ್ಚಿದರೆ ಕೊಂಡಿಯೂ ಬಿದರಿ ಹೂಜಿಯಂಗೆ ಕಪ್ಪಾಗುತ್ತಾ, ತಂತಿ ಮೇಲೂ ಸತುವೇ ಅಲ್ವಾ ಅಂತ ಕೇಳಿದೆ. "ಬರೇ ಸತು ಇದ್ರ ಆಗಲ್ರೀ, ತಾಮ್ರ ಬೇಕು" ಅಂದರು. ಬಿದರಿಯಲ್ಲಿ ಸತುವಿನ ಜೊತೆ ಒಂದಿಷ್ಟು ತಾಮ್ರ ಬೆರೆತಿರುತ್ತದೆ. ಕಪ್ಪು ಹಿಡಿಯೋದು ಅದರಿಂದ.

ತಗಡು ನನ್ನ ದಿನದ ಕೆಲಸಕ್ಕೆ ಹತ್ತಿರ, ಹಾಗಾಗಿ ಬೇಗ ಹೇಳುತ್ತೇನೆ. 18 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು. ಮೊದಲು ರಟ್ಟಿನಲ್ಲಿ ಕತ್ತರಿಸಿ, ಟೇಪು ಹಚ್ಚಿ ಮೈಗೆ ಕಟ್ಟಿಕೊಳ್ಳಿ. ಕಟ್ಟಿಕೊಂಡು ಕುರ್ಚಿಯಲ್ಲಿ ಕೂಡಿ. ನಿಂತಾಗ ಸರಿ ಇದ್ದ ಹೊಟ್ಟೆಯ ತಗಡು ಕೂತಾಗ ತೊಡೆಗೆ ಒತ್ತಿ ಮೇಲೆ ಬರುತ್ತದೆ, ಮೇಲಿನದು ಗಂಟಲಿಗೆ ತಾಗುತ್ತದೆ. ಎಷ್ಟು ಕೊಯ್ಯಬೇಕು ಅಂತ ರಟ್ಟೇ ಹೇಳುತ್ತದೆ. ಆಮೇಲೆ ಶೀಟು ಕತ್ತರಿಸಿ, ಹುಣಸೆ ಕೊರಡಿನಲ್ಲಿ ಕೊರೆದ ಕುಳಿಯ ಮೇಲಿಟ್ಟು ಗುಂಡು ತಲೆಯ ಸುತ್ತಿಗೆಯಿಂದ ಸ್ವಲ್ಪ ಉಬ್ಬಿಸಿ. ಸಪಾಟಾದ ತಗಡು ಬೇಗ ಬಾಗುತ್ತದೆ, ಉಬ್ಬಿದ್ದು ಬಾಗುವುದಿಲ್ಲ. ಅಂಚಿನ ಸುತ್ತ ಕೊಂಡಿ ಹಾಯಿಸಲು 3 ಮಿಲಿಮೀಟರ್ ತೂತು ಹಾಕಿ, ತೂತಿನ ಮುಳ್ಳನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ತೆಗೆಯಿರಿ. ಅಂಚಿಗೆ ಅರ ಹಾಕದೆ ಬಿಟ್ಟರೆ ಒಳಗಿನ ಬಟ್ಟೆ ಹರಿಯುತ್ತದೆ. ಕೊರಡನ್ನು ಮಣ್ಣಿನ ನೆಲದಲ್ಲಿ ಇಡಿ. ಶಹಾಬಾದ್ ಫರಸಿ ಮೇಲಿಟ್ಟು ಬಡಿದರೆ ಕಲ್ಲು ಸೀಳಿ ಮನೆಯಲ್ಲಿ ಬೈಸಿಕೊಳ್ಳುತ್ತೀರಿ.

ಒಳಗಿನ ಬಟ್ಟೆ ಅಂದೆನಲ್ಲ, ಅದಿಲ್ಲದೆ ಇದೆಲ್ಲ ವ್ಯರ್ಥ. ಕೊಂಡಿ ಕತ್ತಿಯ ಅಲಗನ್ನು ತಡೆಯುತ್ತದೆ, ಪೆಟ್ಟಿನ ಹೊಡೆತವನ್ನು ತಡೆಯುವುದಿಲ್ಲ. ಅದಕ್ಕೆ ದಪ್ಪ ಹೊಲಿಗೆಯ ಅಂಗಿ ಬೇಕು. ಹಿಂದೂಸ್ತಾನದಲ್ಲಿ ಬಟ್ಟೆಯ ಪದರಕ್ಕೆ ಸಣ್ಣ ಮೊಳೆ ಬಡಿದು ಅದನ್ನೇ ಕವಚವಾಗಿ ತೊಡುವುದೂ ಇತ್ತು. ನಾನು ಹತ್ತಿ ತುಂಬಿಸುವ ಯೋಚನೆಯಲ್ಲಿದ್ದೆ. ಸೋದರತ್ತೆ ನೋಡಿ, ಹತ್ತಿ ಯಾಕೆ, ಕೌದಿ ಹೊಲಿದರೆ ಆಯ್ತಲ್ಲ ಅಂದರು. ಹಳೆ ಕಾಟನ್ ಸೀರೆ, ಧೋತರ ಪದರ ಪದರವಾಗಿ ಹಾಸಿ, ಅಂಗಿಯ ಆಕಾರಕ್ಕೆ ಕತ್ತರಿಸಿ, ಒಂದು ಬೆರಳಿಗಿಂತ ಕಮ್ಮಿ ಅಂತರದಲ್ಲಿ ಸಾಲು ಸಾಲು ಹೊಲಿಗೆ ಹಾಕಿದರು. ಭುಜಕ್ಕೆ ಎರಡು ಪದರ ಹೆಚ್ಚಿಗೆ. "ಇಷ್ಟ್ ದಪ್ಪ ಕೌದಿ ಬ್ಯಾಸಿಗ್ಯಾಗ ಯಾರ ತೊಡ್ತಾರಪ್ಪಾ?" ಅಂತ ಹೊಲಿಯುವಾಗೆಲ್ಲ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ತುಂಬಿದ ಹತ್ತಿ ತೂಕಕ್ಕೆ ಕೆಳಗೆ ಜಾರಿ ಗಂಟಾಗುತ್ತದೆ, ಕೌದಿಯ ಪದರ ಇದ್ದಲ್ಲೇ ಇರುತ್ತದೆ. ಇಡೀ ಕವಚದಲ್ಲಿ ಯಾವುದು ಚೆನ್ನಾಗಿ ಬಂದಿದೆ ಅಂತ ಯಾರಾದರೂ ಕೇಳಿದರೆ ನಾನು ತೋರಿಸೋದು ಇದನ್ನೇ. ಹೊರಗಿನಿಂದ ಕಾಣುವುದಿಲ್ಲ ಅನ್ನೋದು ಬೇರೆ ಮಾತು.

ಹಾಕಿಕೊಳ್ಳುವಾಗ ಸೊಂಟಕ್ಕೆ ಅಗಲವಾದ ಚರ್ಮದ ಬೆಲ್ಟು ಬಿಗಿಯಿರಿ. ಬಿಗಿದ ಮೇಲೆ ಎರಡು ಕೈಯಿಂದ ಅಂಗಿಯನ್ನು ಬೆಲ್ಟಿನ ಮೇಲಕ್ಕೆ ಒಂದಿಷ್ಟು ಎಳೆದು ಬಿಡಿ. ಅರ್ಧ ಭಾರ ಭುಜದಿಂದ ಇಳಿದು ಸೊಂಟಕ್ಕೆ ಕೂರುತ್ತದೆ. ಬೆಲ್ಟಿಲ್ಲದೆ ಅರ್ಧ ಗಂಟೆ ನಿಲ್ಲೋದೂ ಕಷ್ಟ, ಬೆಲ್ಟಿದ್ದರೆ ಕೋಟೆಯ ಮೆಟ್ಟಿಲು ಹತ್ತಬಹುದು. ಏಪ್ರಿಲ್ ಮೇ ಬಿಸಿಲಲ್ಲಿ ಹೊರಗೆ ಹೋಗುವುದಾದರೆ ಮೇಲೊಂದು ತೆಳು ಬಿಳಿ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ತಗಡು ಮುಟ್ಟಲಾಗದಷ್ಟು ಕಾಯುತ್ತದೆ.

ಶಿರಸ್ತ್ರಾಣ ಇನ್ನೂ ಕೊರಡಿನ ಮೇಲಿದೆ. 20 ಸೆಂಟಿಮೀಟರ್ ಅಗಲದ ಅರ್ಧಗೋಳಕ್ಕೆ 28 ಸೆಂಟಿಮೀಟರಿನ ದುಂಡು ತಗಡು ಸಾಕು. ಉಬ್ಬಿಸುವಾಗ ಅಂಚು ನಿರಿಗೆ ನಿರಿಗೆಯಾಗಿ ಏಳುತ್ತದೆ, ಅದು ಮಡಚಿಕೊಳ್ಳುವ ಮೊದಲೇ ಬಡಿದು ಕೂರಿಸಬೇಕು. ನಾಟಕಕ್ಕೆ ಅಂತ ಬೇಕಾದರೆ ಪಾತ್ರೆ ಅಂಗಡಿಯ ಕಬ್ಬಿಣದ ಕಡಾಯಿಯ ಹಿಡಿ ಕತ್ತರಿಸಿ ಅದನ್ನೇ ಇಳಿಸಿಕೊಳ್ಳಿ, ದೂರದಿಂದ ಯಾರಿಗೂ ತಿಳಿಯುವುದಿಲ್ಲ.

ತುಕ್ಕಿಗೆ ಅಗಸೆ ಎಣ್ಣೆ. ಸತು ಇಲ್ಲದ ತಗಡನ್ನು ಬಿಸಿ ಮಾಡಿ ತೆಳ್ಳಗೆ ಸವರಿದರೆ ಕಪ್ಪಾಗಿ ಹತ್ತಿಕೊಳ್ಳುತ್ತದೆ. ದಪ್ಪಗೆ ಹಚ್ಚಿದರೆ ಅಂಟಂಟಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ. ತುಕ್ಕು ಬಂದೇಬಿಟ್ಟರೆ ಒಣ ಮರಳಿನ ಡ್ರಮ್ಮಿಗೆ ಅಂಗಿ ಹಾಕಿ ಅಂಗಳದಲ್ಲಿ ಉರುಳಿಸಿ. ಓಣಿಯ ಹುಡುಗರಿಗೆ ಹೇಳಿದರೆ ದುಡ್ಡಿಲ್ಲದೆ ಉರುಳಿಸುತ್ತಾರೆ. ಹ್ಯಾಂಗರಿಗೆ ಮಾತ್ರ ನೇತು ಹಾಕಬೇಡಿ, ಭುಜದ ಕೊಂಡಿಗಳು ಎಳೆದು ಬಾಯಿ ಬಿಡುತ್ತವೆ. ಮಡಚಿ ಟ್ರಂಕಿನಲ್ಲಿಡಿ. ಕೌದಿ ಅಂಗಿಯನ್ನು ಬೇರೆ ಇಡಿ, ಅದರ ಬೆವರೇ ಕಬ್ಬಿಣಕ್ಕೆ ಶತ್ರು.