ಒಂದು ಫೈರ್‌ವಾಲ್, ಮೂರು ಒಳಜಾಲ: ನಾನು ಮಾಡಿದ ಕ್ರಮ

ಹುಬ್ಬಳ್ಳಿ ಗೋಕುಲ ರೋಡಿನ ಸಣ್ಣ ಕಾರ್ಖಾನೆಯೊಂದರಲ್ಲಿ ಟ್ಯಾಲಿ ಕಂಪ್ಯೂಟರ್‌ಗಳು, ಸಿಸಿ ಕ್ಯಾಮೆರಾ, ಬಂದುಹೋಗುವವರ ವೈಫೈ ಎಲ್ಲವೂ ಒಂದೇ ಸ್ವಿಚ್‌ನಲ್ಲಿದ್ದವು. ಬೇರೆ ಮಾಡಲು ನಾಲ್ಕು ಪೋರ್ಟಿನ ಪೆಟ್ಟಿಗೆಯಲ್ಲಿ ಪಿಎಫ್‌ಸೆನ್ಸ್ (ಜಾಲಗಳ ನಡುವೆ ಕಾವಲಿರುವ ಫೈರ್‌ವಾಲ್ ತಂತ್ರಾಂಶ) ಹಾಕಿದೆ. ಅಲ್ಲಿನ ಸ್ವಿಚ್‌ಗಳು ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದವು) ಅಲ್ಲದ್ದರಿಂದ ವಿಲ್ಯಾನ್ (ಒಂದೇ ಸ್ವಿಚ್ಚನ್ನು ಹಲವು ಜಾಲವಾಗಿ ಒಡೆಯುವುದು) ಗೋಜಿಗೆ ಹೋಗಲಿಲ್ಲ. ಒಂದು ಪೋರ್ಟ್ ಇಂಟರ್ನೆಟ್ಟಿಗೆ, ಉಳಿದ ಮೂರಕ್ಕೆ ಒಂದೊಂದು ಅಗ್ಗದ ಸ್ವಿಚ್. ನಾಳೆ ಬೇರೆಯವರು ರಿಪೇರಿಗೆ ಬಂದರೂ ಕೇಬಲ್ ನೋಡಿದರೆ ಸಾಕು, ತಿಳಿಯುತ್ತದೆ.

ಫೈಬರ್ ಮೋಡೆಮ್ ಸಾಮಾನ್ಯವಾಗಿ 192.168.1.1ರಲ್ಲಿ ಕೂತಿರುತ್ತದೆ, ಪಿಎಫ್‌ಸೆನ್ಸ್‌ನ ಲ್ಯಾನ್ (ಮೊದಲ ಒಳಜಾಲ, ಇಲ್ಲಿ ಕಚೇರಿಯದು) ಕೂಡ ಮೂಲತಃ ಅದೇ ವಿಳಾಸದ್ದು. ಎರಡೂ ಕಡೆ ಒಂದೇ ಸಬ್‌ನೆಟ್ (ವಿಳಾಸಗಳ ಗುಂಪು) ಇದ್ದರೆ ಇಂಟರ್ನೆಟ್ ಬರುವುದಿಲ್ಲ. ಹಾಗಾಗಿ ಕಚೇರಿಗೆ 192.168.10.1, ಕ್ಯಾಮೆರಾಕ್ಕೆ 192.168.20.1, ಅತಿಥಿಗಳಿಗೆ 192.168.30.1. ಲ್ಯಾನ್ ವಿಳಾಸವನ್ನು ಬ್ರೌಸರ್‌ನಲ್ಲಿ ಬದಲಿಸಿದರೆ ಸಂಪರ್ಕ ನಡುವೆಯೇ ಕಡಿಯುತ್ತದೆ. ಪೆಟ್ಟಿಗೆಗೆ ಮಾನಿಟರ್ ಹಚ್ಚಿ, ಕನ್ಸೋಲ್ ಮೆನುವಿನ 2ನೇ ಆಯ್ಕೆಯಿಂದ ಬದಲಿಸುವುದು ವಾಸಿ. ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ವಿಳಾಸ ಹಂಚುವ ಸೇವೆ) ವ್ಯಾಪ್ತಿಯನ್ನೂ ಅಲ್ಲೇ ಕೇಳುತ್ತದೆ.

ಹೊಸ ಇಂಟರ್‌ಫೇಸ್ (ಪಿಎಫ್‌ಸೆನ್ಸ್‌ನಲ್ಲಿ ಒಂದೊಂದು ಪೋರ್ಟಿನ ಹೆಸರು) ಸೇರಿಸುವಾಗ ಎರಡು ಕಡೆ ಕಣ್ಣಿರಲಿ. ಮಾಸ್ಕ್ (ಜಾಲದ ಗಾತ್ರ ಹೇಳುವ ಸಂಖ್ಯೆ) ತಾನಾಗಿ 32 ಎಂದಿರುತ್ತದೆ, ಅದನ್ನು 24 ಮಾಡಬೇಕು. ಗೇಟ್‌ವೇ (ಬೇರೆ ಜಾಲಕ್ಕೆ ಹೋಗುವ ದಾರಿಯ ವಿಳಾಸ) ಜಾಗ ಖಾಲಿ ಬಿಡಬೇಕು. ತುಂಬಿದರೆ ಫೈರ್‌ವಾಲ್ ಆ ಪೋರ್ಟನ್ನು ಹೊರಜಾಲ ಎಂದೇ ಎಣಿಸುತ್ತದೆ. ಡಿಎಚ್‌ಸಿಪಿಯನ್ನು 100ರಿಂದ 200ರವರೆಗೆ ಕೊಟ್ಟು, ಪ್ರಿಂಟರ್, ಎನ್‌ವಿಆರ್‌ಗಳಿಗೆ (ಕ್ಯಾಮೆರಾ ರೆಕಾರ್ಡರ್) ಅದರ ಕೆಳಗಿನ ಸಂಖ್ಯೆ ಇಟ್ಟೆ.

ನಿಜವಾದ ಕೆಲಸ ರೂಲ್‌ಗಳದ್ದು. ಲ್ಯಾನ್‌ಗೆ ‘ಎಲ್ಲಕ್ಕೂ ಬಿಡು’ ಎಂಬ ರೂಲ್ ಮೊದಲೇ ಇರುತ್ತದೆ, ಹೊಸ ಇಂಟರ್‌ಫೇಸಿಗೆ ಒಂದೂ ಇರುವುದಿಲ್ಲ. ಐಪಿ ಸಿಗುತ್ತದೆ, ಆದರೆ ಏನೂ ತೆರೆಯುವುದಿಲ್ಲ. ಪ್ಯಾಕೆಟ್ ಯಾವ ಪೋರ್ಟಿನಿಂದ ಒಳಗೆ ಬರುತ್ತದೋ ಆ ಪೋರ್ಟಿನ ರೂಲ್ ಅದಕ್ಕೆ ಅನ್ವಯ. ಮೇಲಿನಿಂದ ಓದುತ್ತಾ ಮೊದಲು ಹೊಂದಿದ್ದೇ ಅಂತಿಮ. ಅತಿಥಿ ಜಾಲಕ್ಕೆ ಹಾಕಿದ ಕ್ರಮ ಹೀಗಿದೆ: 192.168.30.1ರ 53ನೇ ಪೋರ್ಟಿಗೆ (ಇದು ಕೇಬಲಿನ ಪೋರ್ಟ್ ಅಲ್ಲ, ಸೇವೆಯ ಸಂಖ್ಯೆ; 53 ಎಂದರೆ ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕುವ ಡಿಎನ್‌ಎಸ್) ಟಿಸಿಪಿ, ಯುಡಿಪಿ ಎಂಬ ಎರಡೂ ಬಗೆಯ ಸಂದೇಶ ಬಿಡು, ಫೈರ್‌ವಾಲ್‌ನ ಉಳಿದೆಲ್ಲ ವಿಳಾಸ, ಪೋರ್ಟುಗಳನ್ನು ತಡೆ, 10.0.0.0/8, 172.16.0.0/12, 192.168.0.0/16 (ಒಳಜಾಲಗಳ ಖಾಸಗಿ ವಿಳಾಸಗಳು) ಸೇರಿಸಿ ಮಾಡಿದ ಏಲಿಯಾಸನ್ನು (ಒಂದು ಹೆಸರಿನ ಪಟ್ಟಿ) ತಡೆ. ಕಡೆಗೆ ಉಳಿದದ್ದೆಲ್ಲ ಬಿಡು. ಕಡೆಯದು ಮೇಲೆ ಹೋದರೆ ನಡುವಿನ ತಡೆಗಳು ಇದ್ದೂ ಇಲ್ಲದಂತೆ. ಮೊದಲನೆಯದು ಮರೆತರೆ 8.8.8.8 (ಗೂಗಲ್ ಸರ್ವರ್) ಪಿಂಗ್‌ಗೆ ಉತ್ತರಿಸುತ್ತದೆ, ಹೆಸರಿಗೆ ಐಪಿ ಸಿಗದೆ ವೆಬ್‌ಸೈಟ್ ಮಾತ್ರ ತೆರೆಯುವುದಿಲ್ಲ.

ಕ್ಯಾಮೆರಾ ಜಾಲಕ್ಕೆ ಗಡಿಯಾರ ಸರಿಯಿಡಲು 20.1ರ ಯುಡಿಪಿ 123 ಮಾತ್ರ ಬಿಟ್ಟೆ. ಕಚೇರಿಯಿಂದ ಕ್ಯಾಮೆರಾ ನೋಡಲು ಕಚೇರಿ ಕಡೆಯ ರೂಲ್ ಸಾಕು, ಮರುಉತ್ತರಕ್ಕೆ ಸ್ಟೇಟ್ (ಬಿಟ್ಟ ಸಂಪರ್ಕದ ಬಗ್ಗೆ ಫೈರ್‌ವಾಲ್ ಇಟ್ಟುಕೊಳ್ಳುವ ನೆನಪು) ಇರುತ್ತದೆ. ಕ್ಯಾಮೆರಾ ಕಡೆಯಿಂದ ಕಚೇರಿಗೂ ರೂಲ್ ಬರೆಯುವವರಿದ್ದಾರೆ; ಬೇಕಿಲ್ಲದ ಬಾಗಿಲು ಅದು. ಮಾಲೀಕರು ಮೊಬೈಲಿನಲ್ಲಿ ಕ್ಯಾಮೆರಾ ಕೇಳಿಯೇ ಕೇಳುತ್ತಾರೆ. ಆಗ ಎನ್‌ವಿಆರ್ ಒಂದಕ್ಕೆ ಮಾತ್ರ ಹೊರದಾರಿ, ಕ್ಯಾಮೆರಾಗಳಿಗಲ್ಲ.

ರೂಲ್ ಸರಿಯಿದ್ದೂ ಎನ್‌ವಿಆರ್ ಸಿಗದಿದ್ದರೆ ಫೈರ್‌ವಾಲ್ ಕೆದಕುವ ಮೊದಲು ಎನ್‌ವಿಆರ್‌ನಲ್ಲೇ ಗೇಟ್‌ವೇ ನೋಡಿ. ಒಂದೇ ಜಾಲದಲ್ಲಿದ್ದಾಗ ಅದು ಖಾಲಿಯಿದ್ದರೂ ನಡೆಯುತ್ತಿತ್ತು, ಈಗ 192.168.20.1 ಬೇಕೇ ಬೇಕು. ವಿಂಡೋಸ್ ಕಂಪ್ಯೂಟರ್ ಬೇರೆ ಸಬ್‌ನೆಟ್‌ನ ಪಿಂಗ್‌ಗೆ ಉತ್ತರಿಸದಿದ್ದರೆ ಅದರ ಸ್ವಂತ ಫೈರ್‌ವಾಲ್ ‘ಲೋಕಲ್ ಸಬ್‌ನೆಟ್’ಗಷ್ಟೇ ತೆರೆದಿರುತ್ತದೆ. ತಡೆ ಹಾಕಿದ ಮೇಲೂ ಹಳೆಯ ಸಂಪರ್ಕ ಓಡುತ್ತಿದ್ದರೆ ಡಯಾಗ್ನಾಸ್ಟಿಕ್ಸ್‌ನಲ್ಲಿ ಸ್ಟೇಟ್‌ಗಳನ್ನು ರೀಸೆಟ್ ಮಾಡಬೇಕು.

ಅತಿಥಿ ವೈಫೈಗೆ ಹಳೆಯ ರೌಟರ್ ಬಳಸಿದರೆ ಅದಕ್ಕೆ 192.168.30.2 ಕೊಟ್ಟು, ಅದರ ಡಿಎಚ್‌ಸಿಪಿಯನ್ನು ಬಂದ್ ಮಾಡಿ, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿ. ಕಚೇರಿಗೆ ನೀಲಿ, ಕ್ಯಾಮೆರಾಕ್ಕೆ ಹಳದಿ, ಅತಿಥಿಗೆ ಕೆಂಪು ಕೇಬಲ್ ಎಳೆದೆ. ಎರಡು ಸ್ವಿಚ್‌ಗಳ ನಡುವೆ ಯಾರಾದರೂ ಒಂದು ಪ್ಯಾಚ್ ಕೇಬಲ್ ಸಿಕ್ಕಿಸಿದರೆ ಎರಡು ಡಿಎಚ್‌ಸಿಪಿಗಳೂ ಬೆರೆತು ಕಚೇರಿಯ ಕಂಪ್ಯೂಟರಿಗೆ 30ರ ಐಪಿ ಬರತೊಡಗುತ್ತದೆ, ಫೈರ್‌ವಾಲ್‌ಗೆ ಅದನ್ನು ತಡೆಯುವ ದಾರಿಯಿಲ್ಲ.