ಸ್ಪ್ರಿಂಗ್ ಕಂಪನಿದೇ ಇಟ್ಟೆ, ಆದ್ರೂ ಚೋರ್ಲಾದಲ್ಲಿ ಗಾಡಿ ನೆಲ ಬಿಡಲಿಲ್ಲ

"ಸ್ಪ್ರಿಂಗ್ ಬದಲಿ ಮಾಡದ ಏನ್ ಸಸ್ಪೆನ್ಶನ್ ಮಾಡಿಸ್ತೀರಿ ಸರ?" ಅಂತ ಬೆಳಗಾವಿ ಉದ್ಯಮಬಾಗದ ನಮ್ಮ ಮಿಸ್ತ್ರಿ ನಕ್ಕಿದ್ದರು. ಹೋದ ತಿಂಗಳು ಅವರೇ ಗಾಡಿ ತಗೊಂಡು ಜಾಂಬೋಟಿ ತನಕ ಹೋಗಿ ಬಂದರು. ಚಾವಿ ಕೈಗೆ ಕೊಡುವಾಗ ಒಂದು ಮಾತೂ ಆಡಲಿಲ್ಲ. ಅದಕ್ಕೇ ಗಾಡಿಯ ಸಸ್ಪೆನ್ಶನ್, ಅಂದ್ರೆ ಗುಂಡಿಯ ಏಟು ತಡೆಯುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳ ಜೋಡಣೆ, ಸರಿ ಮಾಡಿಸಿದ ಕಥೆ ಬರೀತಿದ್ದೇನೆ.

ಗಾಡಿ 2013ರ ಸ್ವಿಫ್ಟ್ ಡೀಸೆಲ್, ಒಂದು ಲಕ್ಷ ಕಿ.ಮೀ. ಹತ್ತಿರ ಓಡಿದೆ. ತಿಂಗಳಿಗೆ ಎರಡು ಸಲ ಚೋರ್ಲಾ ಘಾಟಿ ಇಳಿದು ಗೋವಾಕ್ಕೆ ಹೋಗಬೇಕು, ನನ್ನ ಕೆಲಸ ಹಾಗಿದೆ. ಮಳೆಗಾಲ ಮುಗಿದ ಮೇಲೆ ಕಣಕುಂಬಿ ದಾಟಿದರೆ ರಸ್ತೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ, ತಿರುವಿನ ಒಳಗೇ ಗುಂಡಿ. ಗಾಡಿ ಹೊರಗಡೆ ವಾಲುತ್ತಿತ್ತು, ಹಿಂದಿನ ಚಕ್ರ ಕುಣಿಯುತ್ತಿತ್ತು. ಮಗಳು ಹಿಂದೆ ಕೂತರೆ ವಾಂತಿ ಗ್ಯಾರಂಟಿ. ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ ಚೀಲ ಇಲ್ಲದೆ ನಾವು ಪೀರನವಾಡಿ ದಾಟುತ್ತಿರಲಿಲ್ಲ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಲೋವರಿಂಗ್ ಸ್ಪ್ರಿಂಗ್ ತರಿಸಿದೆ, ಸುಮಾರು 14 ಸಾವಿರ, ಕೂಲಿ ಬೇರೆ 2 ಸಾವಿರ. ಗಾಡಿ 35 ಮಿ.ಮೀ. ಕೆಳಗಿಳಿತು, ನೋಡೋಕೆ ಬಲು ಚಂದ. ಕಾಲೇಜ್ ರೋಡಿನಲ್ಲಿ ಹುಡುಗರು ತಿರುಗಿ ನೋಡಿದರು, ನಾನೂ ಉಬ್ಬಿದೆ. ಘಾಟಿಯಲ್ಲಿ ಎರಡನೇ ತಿರುವಿಗೇ ಬಣ್ಣ ಬಯಲಾಯಿತು. ವಾಲಿದ ಗಾಡಿ ಗುಂಡಿಗೆ ಬಿದ್ದ ಕೂಡಲೇ ಸ್ಪ್ರಿಂಗ್ ಪೂರ್ತಿ ಕುಗ್ಗದಂತೆ ಕೊನೆಗೆ ತಡೆಯೋ ರಬ್ಬರ್ ತುಂಡಿಗೆ (ಬಂಪ್ ಸ್ಟಾಪ್) 'ಧಡ್' ಅಂತ ಕುಟ್ಟಿ, ಮುಂದಿನ ಭಾಗ ಒಂದು ಗೇಣು ಹೊರಗೆ ಜಿಗಿಯಿತು. ಎದುರಿಗೆ ಟಿಪ್ಪರ್ ಬರುತ್ತಿತ್ತು. ಸ್ಪ್ರಿಂಗಿಗೆ ಕೆಳಗೆ ಹೋಗೋಕೆ ಜಾಗವೇ ಇಲ್ಲದಿದ್ದರೆ ಅದು ಮಾಡೋದಾದರೂ ಏನು? ಎರಡು ತಿಂಗಳಲ್ಲಿ ಬಿಚ್ಚಿ 6 ಸಾವಿರಕ್ಕೆ ಮಾರಿದೆ. ಅಲ್ಲಿಗೆ ಹತ್ತು ಸಾವಿರ ನೀರಿಗೆ ಬಿತ್ತು.

ಆಮೇಲೆ ಸ್ಪ್ರಿಂಗ್ ಸುತ್ತುಗಳ ನಡುವೆ ಸಿಗಿಸುವ ರಬ್ಬರ್ ಬಫರ್ ಹಾಕಿಸಿದೆ. 1,800 ರೂಪಾಯಿ ಇರಬೇಕು. ಊರೊಳಗಿನ ಹಂಪುಗಳಿಗೆ ಪರವಾಗಿಲ್ಲ. ಘಾಟಿಯಲ್ಲಿ ಮಾತ್ರ ಗಾಡಿ ಚೆಂಡಿನ ಹಾಗೆ ಪುಟಿಯುತ್ತಿತ್ತು. ಹದಿನೈದು ದಿನಕ್ಕೆ ಅದೂ ಹೋಯಿತು.

ನಡುವೆ ಒಂದು ಹುಚ್ಚಾಟ ಆಡಿದೆ, ಹೇಳಿದರೆ ನಗ್ತೀರಿ. ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟುಕೊಂಡು ಅಂಬೋಲಿ ಘಾಟಿಗೆ ಹೋಗಿ ಬಂದೆ, 30 ಕಿಲೋ ಇತ್ತು ಅನಿಸುತ್ತೆ. ಹಿಂದಿನ ಕುಣಿತ ನಿಜಕ್ಕೂ ಕಡಿಮೆಯಾಯಿತು. "ಜೋಳಕ್ಕ ಘಾಟಿ ತೋರಸಾಕ ಹೋಗಿದ್ರೇನು?" ಅಂತ ಮನೆಯಾಕೆ ಕೇಳಿದಳು. ಆದರೆ ನನಗೆ ಒಂದು ವಿಷಯ ಹೊಳೀತು. ತೂಕ ಹಾಕಿದರೆ ಕುಣಿತ ಕಡಿಮೆಯಾಗುತ್ತೆ ಅಂದ್ರೆ ಸ್ಪ್ರಿಂಗ್ ಮೆತ್ತಗಾಗಿಲ್ಲ, ಅದನ್ನು ಹಿಡಿದು ನಿಲ್ಲಿಸೋ ಶಾಕ್ ಸತ್ತಿರಬೇಕು ಅನ್ನೋ ಅನುಮಾನ ಬಂತು.

ಆ ಭಾನುವಾರ ಎಲ್ಲಾ ಬಿಚ್ಚಿಸಿದೆ. ಹಿಂದಿನ ಎಡಗಡೆ ಶಾಕಿನ ಮೈಮೇಲೆ ಎಣ್ಣೆ ಸೋರಿ, ಕೆಂಪು ಧೂಳು ಮೆತ್ತಿ, ಒಣಗಿದ ಹುರಣದ ಹಾಗಾಗಿತ್ತು. ರಾಡ್ ಒತ್ತಿದರೆ ಮೊದಲ ಎರಡು ಇಂಚು ಸುಮ್ನೆ ಖಾಲಿ ಹೋಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಮುಂದಿನ ಲೋವರ್ ಆರ್ಮ್, ಅಂದ್ರೆ ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡೋ ಕೆಳಗಿನ ತೋಳು. ಸಬ್ಬಲ್ ಹಾಕಿ ಮೀಟಿದರೆ ಬುಷ್ (ಆರ್ಮ್ ಕೀಲಿನ ರಬ್ಬರ್ ಬಳೆ) ಒಳಗಿನ ರಬ್ಬರ್ ಬಾಯಿ ತೆರೆದು, ಆರ್ಮ್ ಹಿಂದಕ್ಕೂ ಮುಂದಕ್ಕೂ ಆಡುತ್ತಿತ್ತು. ತಿರುವಿನಲ್ಲಿ ಬ್ರೇಕ್ ಒತ್ತಿದಾಗೆಲ್ಲ ಸ್ಟೇರಿಂಗ್ ತಾನೇ ತಿರುಗಿದ ಹಾಗೆ ಅನಿಸುತ್ತಿತ್ತಲ್ಲ, ಅದಕ್ಕೆ ಕಾರಣ ಇದೇ. ಇದನ್ನು ಬಿಟ್ಟು ನಾನು ಸ್ಪ್ರಿಂಗಿಗೆ ದುಡ್ಡು ಸುರಿದಿದ್ದೆ.

ನಾಲ್ಕೂ ಗ್ಯಾಸ್ ಶಾಕ್ ಹೊಸದು ಹಾಕಿಸಿದೆ, ಸುಮಾರು 22 ಸಾವಿರ. ಸ್ಪ್ರಿಂಗ್ ಕಂಪನಿಯ ಹಳೆಯದೇ. ಬುಷ್, ಟಾಪ್ ಮೌಂಟ್, ಲಿಂಕ್ ರಾಡ್ ಅಂತ ಕೀಲಿನ ಸಣ್ಣಪುಟ್ಟ ಭಾಗಗಳೆಲ್ಲಾ ಸೇರಿ 5 ಸಾವಿರ, ಕೂಲಿ 3 ಸಾವಿರ. 14 ಇಂಚಿನ ಚಕ್ರ ತೆಗೆದು 15 ಇಂಚಿನ ಸೆಕೆಂಡ್ ಹ್ಯಾಂಡ್ ಅಲಾಯ್ ಚಕ್ರಕ್ಕೆ 185/65 ಟೈರ್ (185 ಮಿ.ಮೀ. ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇ. 65) ಹಾಕಿಸಿದೆ, ಅದಕ್ಕೆ 18 ಸಾವಿರದ ಆಚೀಚೆ. ಮೊದಲಿದ್ದ 165/80ಕ್ಕೂ ಇದಕ್ಕೂ ಚಕ್ರದ ಎತ್ತರ ಹೆಚ್ಚುಕಡಿಮೆ ಒಂದೇ, ಸ್ಪೀಡೋಮೀಟರ್ ತಪ್ಪು ತೋರಿಸಲ್ಲ. ದಂಡವಾಗಿದ್ದೂ ಸೇರಿ ಒಟ್ಟು 60 ಸಾವಿರ ಹೋಗಿದೆ. ಮನೆಯಲ್ಲಿ ಹೇಳಿದ್ದು 35.

ಹಾಕಿಸುವಾಗ ಎರಡು ವಿಷಯಕ್ಕೆ ಜಗಳ ಆಡಿದೆ. ಶಾಕುಗಳು ಅಂಗಡಿಯಲ್ಲಿ ಅಡ್ಡ ಮಲಗಿರುತ್ತವೆ. ಕೂರಿಸುವ ಮೊದಲು ನೆಟ್ಟಗೆ ನಿಲ್ಲಿಸಿ ಐದಾರು ಸಲ ಪೂರ್ತಿ ಒತ್ತಿ ಬಿಡಬೇಕು, ಒಳಗಿನ ಗಾಳಿ ಮೇಲೆ ಹೋಗಲಿ ಅಂತ. ಎರಡನೆಯದು, ಆರ್ಮ್ ಬೋಲ್ಟನ್ನು ಗಾಡಿ ಜಾಕ್ ಮೇಲಿದ್ದಾಗ ಕೊನೆಯ ಬಿಗಿ ಮಾಡಬಾರದು. ಚಕ್ರ ನೆಲಕ್ಕೆ ತಾಗಿ, ಗಾಡಿಯ ಭಾರ ಪೂರ್ತಿ ಕೂತ ಮೇಲೇ ಬಿಗಿಯಬೇಕು. ಇಲ್ಲಾಂದ್ರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಮಿಸ್ತ್ರಿ ಗೊಣಗುತ್ತಲೇ ಪಿಟ್ ಒಳಗೆ ಇಳಿದರು.

ಆಸೆ ಅಲ್ಲಿಗೂ ನಿಲ್ಲಲಿಲ್ಲ. ಲೇಥ್ ಇರೋ ಗೆಳೆಯನ ಕೈಲಿ ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ತಿರುವಿಸಿ ಹಾಕಿದೆ. ಮೊದಲ ದಿನ ಸ್ಟೇರಿಂಗ್ ಚಾಕು ಥರ. ವಾರದೊಳಗೆ ಹಳೇ ಬಾಗಿಲಿನ ಹಾಗೆ ಕಿರ್ ಕಿರ್ ಶುರುವಾಯಿತು, ರಸ್ತೆಯ ನಡುಕವೆಲ್ಲ ಕೈಗೆ. ಗ್ರೀಸ್ ಹಚ್ಚಿ ಹಚ್ಚಿ ಸಾಕಾಗಿ ರಬ್ಬರಿಗೇ ವಾಪಸ್ ಬಂದೆ.

ಈಗ ಗಾಡಿ ವಾಲಲ್ಲ ಅಂತಲ್ಲ, ವಾಲುತ್ತೆ. ಆದರೆ ಒಂದೇ ಸಲ ವಾಲಿ ಅಲ್ಲೇ ನಿಲ್ಲುತ್ತೆ, ಗುಂಡಿ ಬಂದರೆ ನುಂಗಿಕೊಂಡು ಮುಂದೆ ಹೋಗುತ್ತೆ. ಹೋದ ಸಲ ಮಗಳು ಗೋವಾದ ಸಾಖಳಿ ಬರುವ ತನಕ ಮೊಬೈಲ್ ನೋಡುತ್ತಾ ಕುಂದಾ ತಿಂದಳು. ಚೀಲ ಮಡಚಿದ್ದು ಮಡಚಿದ ಹಾಗೇ ಇತ್ತು.

ಅಲೈನ್‌ಮೆಂಟಿನಲ್ಲಿ ಟೋ (ಚಕ್ರದ ಮುಂಭಾಗ ಒಳಗೋ ಹೊರಗೋ ಎಷ್ಟು ತಿರುಗಿರಬೇಕು ಅನ್ನೋ ಲೆಕ್ಕ) ಎಷ್ಟು ಇಟ್ಟಿದ್ದೇನೆ ಅಂತ ಮಾತ್ರ ಕೇಳಬೇಡಿ. ಅದಕ್ಕೆ ನಾಲ್ಕು ಸಲ ಮಷೀನಿಗೆ ಹತ್ತಿಸಿ, ಒಂದು ಜೊತೆ ಟೈರಿನ ಒಳಅಂಚು ಸವೆಸಿದ್ದೇನೆ. ಮೊನ್ನೆ ಮಿಸ್ತ್ರಿಯೂ ಫೋನ್ ಮಾಡಿ, ತಮ್ಮ ಅಳಿಯನ ಗಾಡಿಗೆ ಬೇಕು ಅಂತ ಅದನ್ನೇ ಕೇಳಿದರು. "ಸಿಗ್ನಲ್ ಹೋಗಾಕತ್ತೈತ್ರೀ" ಅಂದು ಫೋನ್ ಇಟ್ಟೆ.